ಕ್ಯೂಬನ್ ಹಂದಿ ರೋಸ್ಟ್: ಹೊರಗೆ ಹಿಟ್ಟು, ಒಳಗೆ ಹಗ್ಗ ಆಗುವುದೇಕೆ?

ಪ್ರಶ್ನೆ: ನಾನು ವಿರಾಜಪೇಟೆ ಕಡೆಯವಳು, ಈಗ ಇರುವುದು ಫ್ಲಾರಿಡಾದ ಟ್ಯಾಂಪಾದಲ್ಲಿ. ಪಕ್ಕದ ಮನೆಯಲ್ಲಿ ಕ್ಯೂಬಾ ಮೂಲದ ಅಜ್ಜಿಯೊಬ್ಬರಿದ್ದಾರೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಅವರ ಮನೆಯಲ್ಲಿ ತಿಂದ ಹಂದಿ ರೋಸ್ಟ್ ನಾಲಿಗೆಯಿಂದ ಹೋಗುತ್ತಲೇ ಇಲ್ಲ. ನಾನೂ ಚರ್ಮ ಸಮೇತ 8 ಪೌಂಡಿನ ಪಿಕ್ನಿಕ್ ಶೋಲ್ಡರ್ (ಹಂದಿಯ ಭುಜದ ಕೆಳಭಾಗ) ತಂದೆ. ಹುಳಿ ಕಿತ್ತಳೆ ಸಿಗದ ಕಾರಣ ಎರಡು ಕಪ್ ನಿಂಬೆರಸಕ್ಕೆ ಬೆಳ್ಳುಳ್ಳಿ, ಜೀರಿಗೆ, ಓರೆಗಾನೊ ಹಾಕಿ ಮೂರು ದಿನ ನೆನೆಸಿಟ್ಟೆ. ಬೆಳ್ಳುಳ್ಳಿ ನೀಲಿ-ಹಸಿರಾಗಿತ್ತು, ಹೆದರುತ್ತಲೇ ಓವನ್‌ಗೆ ಇಟ್ಟೆ. 350 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಬೇಯುತ್ತಿದ್ದಾಗ ಥರ್ಮಾಮೀಟರ್ 160ಕ್ಕೆ ಬಂದು ಒಂದು ಗಂಟೆ ಕದಲಲಿಲ್ಲ. ಉರಿ 425ಕ್ಕೆ ಏರಿಸಿ, 168 ತೋರಿಸಿದಾಗ ತೆಗೆದೆ. 145 ಆದರೆ ಸಾಕು ಎಂದು ಎಲ್ಲೋ ಓದಿದ್ದೆ. ಮೇಲ್ಪದರ ಹುಳಿಹುಳಿ, ಹಿಟ್ಟು ಹಿಟ್ಟು. ಒಳಗೆ ಹಗ್ಗ. ಚರ್ಮ ಚಪ್ಪಲಿಗಾದೀತು. ಎಲ್ಲಿ ತಪ್ಪಿದೆ? ಪ್ರೆಶರ್ ಕುಕ್ಕರ್‌ನಲ್ಲಿ ಮಾಡಬಹುದೆ? ಹುಳಿಗೆ ನಮ್ಮ ಕೊಡಗಿನ ಕಪ್ಪು ಹುಳಿ, ಕಾಚಂಪುಳಿ ಹಾಕಿದರೆ ಹೇಗೆ?

ಉತ್ತರ: ಮೊದಲು ಬೆಳ್ಳುಳ್ಳಿ ವಿಷಯ ಮುಗಿಸಿಬಿಡೋಣ. ಅದು ಕೆಟ್ಟಿರಲಿಲ್ಲ. ಜಜ್ಜಿದ ಬೆಳ್ಳುಳ್ಳಿಯಿಂದ ಹೊರಬರುವ ಗಂಧಕದ ಸಂಯುಕ್ತಗಳು ಹುಳಿಯ ಸಂಗದಲ್ಲಿ ಅಮೈನೊ ಆಮ್ಲಗಳ ಜೊತೆ ಸೇರಿ ಆ ಬಣ್ಣ ಕಟ್ಟುತ್ತವೆ. ಬಹಳ ದಿನ ತಣ್ಣಗೆ ಇಟ್ಟ ಗಡ್ಡೆಯಲ್ಲಿ ಇನ್ನೂ ಜಾಸ್ತಿ. ಬೆಳ್ಳುಳ್ಳಿ ಉಪ್ಪಿನಕಾಯಿ ಹಾಕುವವರಿಗೆ ಇದು ಹೊಸತಲ್ಲ. ತಿನ್ನಲು ಏನೂ ಅಡ್ಡಿಯಿಲ್ಲ.

ನಿಮ್ಮ ರೋಸ್ಟ್ ಹಾಳಾದದ್ದು 160ರಿಂದ 168ರ ನಡುವೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದೊಂದು ಅರ್ಥವಾದರೆ ಪಾಕವಿಧಾನ ಕೈಯಲ್ಲಿ ಇಲ್ಲದಿದ್ದರೂ ನಡೆಯುತ್ತದೆ.

ಭುಜ ಎಂದರೆ ಹಂದಿ ಬದುಕಿದ್ದಷ್ಟು ಕಾಲ ದುಡಿದ ಸ್ನಾಯು. ಅದರ ಎಳೆಗಳ ನಡುವೆ ಕೊಲಾಜೆನ್ ಎಂಬ ಗಟ್ಟಿ ನಾರು ತುಂಬಿರುತ್ತದೆ. ಮಾಂಸದ ಒಳಗಿನ ಶಾಖ 60 ಡಿಗ್ರಿ ಸೆಲ್ಸಿಯಸ್ (140 ಫ್ಯಾರನ್‌ಹೀಟ್) ದಾಟುತ್ತಿದ್ದಂತೆ ಎಳೆಗಳು ಸೆಟೆದುಕೊಂಡು ತಮ್ಮಲ್ಲಿದ್ದ ನೀರನ್ನು ಹಿಂಡಿ ಹೊರಗೆ ಹಾಕುತ್ತವೆ. ಕೊಲಾಜೆನ್ ಕರಗಿ ಜೆಲಟಿನ್ ಆಗುವ ಕೆಲಸ ಚುರುಕಾಗುವುದು 70 ದಾಟಿದ ಮೇಲೆ. ಅದಕ್ಕೂ ಗಂಟೆಗಟ್ಟಲೆ ಹೊತ್ತು ಬೇಕು. ನೀವು ತೆಗೆದ 168 ಅಂದರೆ ಸುಮಾರು 75 ಡಿಗ್ರಿ ಸೆಲ್ಸಿಯಸ್. ನೀರು ಹೋಗಿ ಆಗಿದೆ, ಜೆಲಟಿನ್ ಇನ್ನೂ ಬಂದಿಲ್ಲ. ಭುಜದ ತುಂಡಿಗೆ ಇದಕ್ಕಿಂತ ಕೆಟ್ಟ ಗಳಿಗೆ ಇಲ್ಲ. ಇನ್ನೆರಡು ಗಂಟೆ ತಾಳಿ, 90ರಿಂದ 93ಕ್ಕೆ (195ರಿಂದ 200 ಫ್ಯಾರನ್‌ಹೀಟ್) ಬರಲು ಬಿಟ್ಟಿದ್ದರೆ ಅದೇ ಮಾಂಸ ಚಮಚದಲ್ಲಿ ಬಿಡಿಸಿಕೊಳ್ಳುತ್ತಿತ್ತು.

145ರ ಲೆಕ್ಕ ಸುಳ್ಳಲ್ಲ. ಅಮೆರಿಕದ ಕೃಷಿ ಇಲಾಖೆ 2011ರಲ್ಲಿ ಇಡೀ ತುಂಡಿನ ಹಂದಿಮಾಂಸಕ್ಕೆ ಸೂಚಿಸಿದ ಶಾಖವನ್ನು 160ರಿಂದ 145ಕ್ಕೆ ಇಳಿಸಿ, ಮೂರು ನಿಮಿಷ ಹಾಗೇ ಬಿಡಬೇಕು ಎಂದಿತು. ಆದರೆ ಅದು ಹೊಟ್ಟೆ ಕೆಡದಿರಲು ಹಾಕಿದ ಗೆರೆ, ಮೆದುವಾಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಬೆನ್ನಿನ ಮೆದು ತುಂಡಿಗೆ 145 ಸಾಕು. ಭುಜವನ್ನು ಅಲ್ಲಿ ನಿಲ್ಲಿಸಿದರೆ ಅಗಿಯುತ್ತ ಕೂರಬೇಕು. ಪಂದಿಕರಿ ಒಲೆಯ ಮೇಲಿರುವಾಗ ತುಂಡು ಒತ್ತಿ ನೋಡಿ ಇಳಿಸುತ್ತೀರಲ್ಲ, ಇಲ್ಲಿಯೂ ಕೊನೆಯ ಮಾತು ಅದೇ. ಮೂಳೆ ಹಿಡಿದು ತಿರುಗಿಸಿದರೆ ಸಡಿಲವಾಗಿ ಅಲುಗಬೇಕು. ಅಲುಗದಿದ್ದರೆ ಥರ್ಮಾಮೀಟರ್ ಏನೇ ಹೇಳಲಿ, ಬೆಂದಿಲ್ಲ.

ಹಾಗಾದರೆ ಒಂದು ಗಂಟೆ ಶಾಖ ಏರದೆ ನಿಂತದ್ದು ಯಾಕೆ? ದೊಡ್ಡ ತುಂಡನ್ನು ನಿಧಾನ ಉರಿಯಲ್ಲಿ ಬೇಯಿಸುವವರಿಗೆಲ್ಲ ಇದು ಎದುರಾಗುತ್ತದೆ. ಒಳಗಿನಿಂದ ಹಿಂಡಿಕೊಂಡು ಬಂದ ನೀರು ಮೇಲ್ಮೈಯಲ್ಲಿ ಆವಿಯಾಗುತ್ತ, ಓವನ್ ಕೊಡುವ ಶಾಖವನ್ನೆಲ್ಲ ತಾನೇ ನುಂಗುತ್ತದೆ. ಬೆವರು ಆರಿದಾಗ ಮೈ ತಂಪಾಗುವ ಹಾಗೆ. ಓವನ್ ಕೆಟ್ಟಿಲ್ಲ, ಥರ್ಮಾಮೀಟರೂ ಕೆಟ್ಟಿಲ್ಲ. ಆಗ ಉರಿ ಏರಿಸಿದರೆ ಹೊರಪದರ ಒಣಗಿ ಸುಡುತ್ತದೆ, ಒಳಗಿನ ಕೊಲಾಜೆನ್‌ಗೆ ಬೇಕಾದ ಸಮಯ ಮಾತ್ರ ಸಿಗುವುದಿಲ್ಲ. ತಡೆಯಲಾಗದಿದ್ದರೆ ಫಾಯಿಲ್ ಬಿಗಿಯಾಗಿ ಮುಚ್ಚಿ. ಆವಿ ಹೊರಗೆ ಹೋಗದಿದ್ದರೆ ಶಾಖ ಮತ್ತೆ ಏರತೊಡಗುತ್ತದೆ.

ಇನ್ನು ಹುಳಿ. ಮೂರು ದಿನ ನೆನೆಸಿದರೆ ಮೋಹೊ, ಅಂದರೆ ಹುಳಿರಸ-ಬೆಳ್ಳುಳ್ಳಿಯ ಈ ಕ್ಯೂಬನ್ ಮಸಾಲೆ, ಮೂಳೆಯವರೆಗೂ ಇಳಿಯುತ್ತದೆ ಎಂದು ಅನೇಕರು ನಂಬುತ್ತಾರೆ. ಇಳಿಯುವುದಿಲ್ಲ. ಜೀರಿಗೆ, ಓರೆಗಾನೊ, ಬೆಳ್ಳುಳ್ಳಿಯ ಪರಿಮಳದ ಬಹುಪಾಲು ಮೇಲಿನ ಕೆಲವೇ ಮಿಲಿಮೀಟರ್ ದಾಟುವುದಿಲ್ಲ. ಹುಳಿಯೂ ಅಷ್ಟೇ, ಆದರೆ ಇದ್ದಷ್ಟು ಜಾಗದಲ್ಲಿ ಅದು ಪ್ರೋಟೀನನ್ನು ಕೆಡಿಸಿ, ನೀವು ಹೇಳಿದ ಆ ಹಿಟ್ಟು ಹಿಟ್ಟು ಪದರ ಮಾಡುತ್ತದೆ. ನಿಜವಾಗಿ ಆಳಕ್ಕೆ ಹೋಗುವುದು ಉಪ್ಪೊಂದೇ. ಅದು ಒಂದೆರಡು ದಿನದಲ್ಲಿ ಚೆನ್ನಾಗಿ ಒಳಗೆ ಸಾಗಿ, ಎಳೆಗಳು ನೀರು ಹಿಡಿದಿಟ್ಟುಕೊಳ್ಳುವ ಹಾಗೆ ಮಾಡುತ್ತದೆ. ನಿಮ್ಮ ಪತ್ರದಲ್ಲಿ ನಿಂಬೆರಸದ ಅಳತೆ ಇದೆ, ಉಪ್ಪಿನ ಮಾತೇ ಇಲ್ಲ. ಕಿಲೋಗೆ 12ರಿಂದ 13 ಗ್ರಾಂ ಹಾಕಿ. ನಿಮ್ಮ 8 ಪೌಂಡ್ ಅಂದರೆ 3.6 ಕಿಲೋ ತುಂಡಿಗೆ ಸುಮಾರು 45 ಗ್ರಾಂ, ಪುಡಿ ಉಪ್ಪಾದರೆ ಎರಡೂವರೆ ದೊಡ್ಡ ಚಮಚ. ಕೋಷರ್ ಉಪ್ಪಿನ ಹರಳು ದೊಡ್ಡದು, ಚಮಚದ ಲೆಕ್ಕ ಕೈಕೊಡುತ್ತದೆ. ತೂಕ ಮಾಡಿಯೇ ಹಾಕಿ.

ಕ್ಯೂಬಾದ ಮನೆಗಳಲ್ಲಿ ಇದಕ್ಕೊಂದು ಸರಳ ಉಪಾಯವಿದೆ. ಮಾಂಸಕ್ಕೆ ಚೂಪು ಚಾಕುವಿನಿಂದ ಎರಡು ಇಂಚು ಆಳಕ್ಕೆ ಅಲ್ಲಲ್ಲಿ ಇರಿದು, ಆ ತೂತುಗಳಿಗೆ ಬೆಳ್ಳುಳ್ಳಿ-ಉಪ್ಪಿನ ಗಟ್ಟಿ ಮಸಾಲೆಯನ್ನು ಬೆರಳಿನಿಂದ ತುರುಕುತ್ತಾರೆ. ಮಸಾಲೆ ತಾನಾಗಿ ಒಳಗೆ ಹೋಗದಿದ್ದರೆ ನಾವೇ ಕಳಿಸುವುದು. 20 ಎಸಳು ಬೆಳ್ಳುಳ್ಳಿ, ಆ ಉಪ್ಪು, ಎರಡು ಚಿಕ್ಕ ಚಮಚ ಹುರಿದು ಪುಡಿ ಮಾಡಿದ ಜೀರಿಗೆ, ಎರಡು ಚಿಕ್ಕ ಚಮಚ ಒಣ ಓರೆಗಾನೊ, ಒಂದು ಚಮಚ ಕರಿಮೆಣಸು. ಮಿಕ್ಸಿ ಬೇಡ, ಕುಟ್ಟಾಣಿಯಲ್ಲಿ ಕುಟ್ಟಿ. ಮಿಕ್ಸಿಯ ಬೆಳ್ಳುಳ್ಳಿಗೆ ಒಂದು ಕಟುವಾಸನೆ ಬರುತ್ತದೆ. ಮುಕ್ಕಾಲು ಪಾಲು ತೂತುಗಳಿಗೆ ಹೋಗಲಿ. ಉಳಿದದ್ದಕ್ಕೆ ಮುಕ್ಕಾಲು ಕಪ್ ಹುಳಿ ಕಿತ್ತಳೆ ರಸ, ಕಾಲು ಕಪ್ ಎಣ್ಣೆ ಸೇರಿಸಿ ಚರ್ಮವಿಲ್ಲದ ಬದಿಗೆಲ್ಲ ಸವರಿ. ಗಾಜಿನ ಅಥವಾ ಸ್ಟೀಲಿನ ಪಾತ್ರೆಯಲ್ಲಿ ಫ್ರಿಜ್‌ನಲ್ಲಿ ಒಂದು ರಾತ್ರಿಯಿಂದ ಒಂದೂವರೆ ದಿನ, ಅಷ್ಟೇ. ಅಲ್ಯುಮಿನಿಯಂ ಪಾತ್ರೆ ಬೇಡ, ಹುಳಿ ಅದನ್ನು ತಿನ್ನುತ್ತದೆ.

ಹುಳಿ ಕಿತ್ತಳೆ ಟ್ಯಾಂಪಾದಲ್ಲಿ ಸಿಗಲಿಲ್ಲ ಎಂದಿರಿ. ಚಳಿಗಾಲದಲ್ಲಿ ಲ್ಯಾಟಿನ್ ಅಂಗಡಿಗಳಲ್ಲಿ 'ನರಾನ್ಹಾ ಆಗ್ರಿಯಾ' ಎಂದು ಕೇಳಿ ನೋಡಿ; ದಪ್ಪ ಸಿಪ್ಪೆಯ, ಉಬ್ಬುತಗ್ಗಿನ, ನೋಡಲು ಚೆಂದವಿಲ್ಲದ ಹಣ್ಣು. ಫ್ಲಾರಿಡಾದ ಹಳೆಯ ಹಿತ್ತಲುಗಳಲ್ಲೂ ಇರುತ್ತದೆ. ಸಿಹಿ ಕಿತ್ತಳೆಯನ್ನು ಹುಳಿ ಕಿತ್ತಳೆಯ ಬುಡಕ್ಕೆ ಕಸಿ ಕಟ್ಟುವುದು ಅಲ್ಲಿ ಹಳೆಯ ರೂಢಿ. ಹಿಮ ಬಿದ್ದು ಮೇಲಿನ ಕಸಿ ಸತ್ತರೆ ಬುಡದಿಂದ ಹುಳಿಯದೇ ಚಿಗುರಿ, ಮನೆಯವರು 'ಮರ ಕೆಟ್ಟುಹೋಯಿತು' ಎಂದು ಬೇಸರಪಟ್ಟುಕೊಂಡು ಬಿಟ್ಟಿರುತ್ತಾರೆ. ಅಂಥ ಮರ ಕಂಡರೆ ಮನೆಯವರನ್ನು ಕೇಳಿ ನಾಲ್ಕು ಹಣ್ಣು ಇಸಿದುಕೊಳ್ಳಿ. ಏನೂ ಸಿಗದಿದ್ದರೆ ಎರಡು ಪಾಲು ಸಿಹಿ ಕಿತ್ತಳೆ ರಸಕ್ಕೆ ಒಂದು ಪಾಲು ನಿಂಬೆರಸ, ಜೊತೆಗೆ ಕಿತ್ತಳೆ ಸಿಪ್ಪೆಯ ಮೇಲ್ಪದರ ಸ್ವಲ್ಪ ತುರಿದು ಹಾಕಿ. ಆ ನಸುಗಹಿ ಬರುವುದು ಸಿಪ್ಪೆಯಿಂದಲೇ. ಬರೀ ನಿಂಬೆರಸ ಹಾಕಿದ್ದೇ ನಿಮ್ಮ ಮಾಂಸ ಅಷ್ಟು ಹುಳಿಯಾಗಲು ಕಾರಣ.

ಊರಿನಲ್ಲಿ ಕೂತು ಓದುತ್ತಿರುವವರಿಗೆ: ಹೇರಳೆಕಾಯಿ ಈ ಕೆಲಸಕ್ಕೆ ಬಹಳ ಹತ್ತಿರ. ಚಿತ್ರಾನ್ನಕ್ಕೆ ಹಿಂಡುವ ಅದೇ ಹುಳಿ, ಅದೇ ಒಗರು-ಕಹಿ. ಬೀಜ ಜಾಸ್ತಿ, ಸೋಸಿಕೊಳ್ಳಿ.

ಕಾಚಂಪುಳಿ ವಿಚಾರದಲ್ಲಿ ನನ್ನದು ಖಂಡಿತ 'ಬೇಡ'. ಅದು ಒಳ್ಳೆಯದಲ್ಲ ಅಂತಲ್ಲ. ಕಪ್ಪಗೆ ಕುದಿಸಿ ಇಳಿಸಿದ ಆ ಹುಳಿಗೆ ಕಿತ್ತಳೆಯ ಹಣ್ಣಿನ ಪರಿಮಳ ಇಲ್ಲ, ಬಣ್ಣವೂ ಬೇರೆ. ಹಾಕಿದರೆ ಅದು ಪಂದಿಕರಿಯ ಕಡೆಗೇ ಎಳೆಯುತ್ತದೆ. ಆದರೆ ಕಾಚಂಪುಳಿಯನ್ನು ನಿಮ್ಮ ಮನೆಯಲ್ಲಿ ಯಾವಾಗ ಹಾಕುತ್ತಾರೆ ಎನ್ನುವುದನ್ನು ಮಾತ್ರ ಇಲ್ಲಿಗೆ ತನ್ನಿ. ಮಾಂಸ ಬೆಂದು ಇನ್ನೇನು ಇಳಿಸಬೇಕು ಎನ್ನುವಾಗ ಅಲ್ಲವೆ? ಮೋಹೊ ಕೂಡ ಹಾಗೆಯೇ. ಪಕ್ಕದ ಮನೆಯ ಅಜ್ಜಿಯ ರೋಸ್ಟ್‌ನಲ್ಲಿ ನಿಮ್ಮ ನಾಲಿಗೆಗೆ ಅಂಟಿದ ರುಚಿ ಬಹುತೇಕ ನೆನೆಸಿದ್ದರಿಂದ ಬಂದದ್ದಲ್ಲ, ಬಡಿಸುವ ಮುಂಚೆ ಮೇಲೆ ಸುರಿದ ಎರಡನೇ ಮೋಹೊದಿಂದ ಬಂದದ್ದು. ಆರು ಗಂಟೆ ಓವನ್‌ನಲ್ಲಿದ್ದ ಕಿತ್ತಳೆ ರಸದಲ್ಲಿ ಪರಿಮಳ ಎಷ್ಟು ಉಳಿದೀತು ಹೇಳಿ.

ಈ ಎರಡನೆಯದನ್ನು ಮಾಡುವುದು ಹೀಗೆ. ಎಂಟು ಎಸಳು ಬೆಳ್ಳುಳ್ಳಿಯನ್ನು ಅರ್ಧ ಚಮಚ ಉಪ್ಪು, ಚಿಟಿಕೆ ಜೀರಿಗೆ ಪುಡಿ ಜೊತೆ ಕುಟ್ಟಿ ಒಂದು ಸ್ಟೀಲ್ ಬಟ್ಟಲಿಗೆ ಹಾಕಿ. ಅರ್ಧ ಕಪ್ ಆಲಿವ್ ಎಣ್ಣೆಯನ್ನೋ ಹಂದಿಯ ನೆಣವನ್ನೋ ಚೆನ್ನಾಗಿ ಕಾಯಿಸಿ ಅದರ ಮೇಲೆ ಸುರಿಯಿರಿ. ಚೊರ್ ಅನ್ನಬೇಕು, ಬೆಳ್ಳುಳ್ಳಿ ಕೆಂಪಾಗಬಾರದು. ಬಾಣಲೆಗೆ ಬೆಳ್ಳುಳ್ಳಿ ಹಾಕಿ ಹುರಿದರೆ ಕಹಿ ಬರುತ್ತದೆ, ಅದಕ್ಕೇ ಈ ತಿರುಗುಮುರುಗು. ಐದು ನಿಮಿಷ ಆರಲು ಬಿಡಿ. ಬಿಸಿ ಎಣ್ಣೆಗೆ ರಸ ಹಾಕಿದರೆ ಮುಖಕ್ಕೆ ಸಿಡಿಯುತ್ತದೆ. ಆಮೇಲೆ ಅರ್ಧ ಕಪ್ ಹುಳಿ ಕಿತ್ತಳೆ ರಸ ಬೆರೆಸಿ. ಉಳಿದರೆ ಫ್ರಿಜ್‌ನಲ್ಲಿಟ್ಟು ಮೂರು ನಾಲ್ಕು ದಿನದಲ್ಲಿ ಮುಗಿಸಿ. ಎಣ್ಣೆಯಲ್ಲಿ ಮುಳುಗಿದ ಹಸಿ ಬೆಳ್ಳುಳ್ಳಿಯನ್ನು ಹೊರಗೆ ಇಡುವುದು ಬಾಟ್ಯುಲಿಸಂ ಎಂಬ ಅಪಾಯಕಾರಿ ವಿಷಾಹಾರಕ್ಕೆ ದಾರಿ. ಮೊದಲು ಮಾಂಸ ನೆನೆಸಿದ ರಸವನ್ನು ಕುದಿಸದೆ ಮೇಲೆ ಸುರಿಯಲೇಬೇಡಿ.

ಚರ್ಮದ ಕಥೆ ಬೇರೆಯೇ. ಅದು ಮೋಹೊದಲ್ಲಿ ಮುಳುಗಿರಬಾರದು. ಒದ್ದೆ ಚರ್ಮ ಬೆಂದು ತೊಗಲಾಗುತ್ತದೆ. ಕಿತ್ತಳೆಯ ಸಕ್ಕರೆ ಅದರ ಮೇಲೆ ಸುಟ್ಟು ಕಪ್ಪಾಗುತ್ತದೆ. ಚರ್ಮ ಮೇಲೆ ಬರುವಂತೆ ಇಟ್ಟು, ಒರೆಸಿ, ಬರೀ ಉಪ್ಪು ತಿಕ್ಕಿ, ಆ ರಾತ್ರಿ ಫ್ರಿಜ್‌ನಲ್ಲಿ ಮುಚ್ಚದೆ ಬಿಡಿ. ಮುಟ್ಟಿದರೆ ಒಣ ಕಾಗದದಂತಿರಬೇಕು. ಚರ್ಮ ಗರಿಗರಿಯಾಗಲು ಎರಡು ಘಟ್ಟ ದಾಟಬೇಕು: ಮೊದಲು ಅದರ ಕೊಲಾಜೆನ್ ನಿಧಾನಕ್ಕೆ ಜೆಲಟಿನ್ ಆಗಬೇಕು, ಆಮೇಲೆ ಬಹುಪಾಲು ನೀರು ಆರಿ, ಉಳಿದಿಷ್ಟು ಜೋರು ಶಾಖಕ್ಕೆ ಆವಿಯಾಗಿ ಗುಳ್ಳೆ ಏಳಿಸಬೇಕು. ಮೊದಲನೆಯದು ಆಗದೆ ಎರಡನೆಯದು ಮಾಡಿದರೆ ಹಲ್ಲಿಗೇ ಅಪಾಯ.

ಆದ್ದರಿಂದ ಓವನ್ ಹೀಗೆ ನಡೆಸಿ. ಮಾಂಸವನ್ನು ಒಂದು ಗಂಟೆ ಮುಂಚೆ ಹೊರಗೆ ತೆಗೆದಿಡಿ. ಆಳವಾದ ಟ್ರೇಯಲ್ಲಿ ಚರ್ಮ ಮೇಲಾಗಿಟ್ಟು ತಳಕ್ಕೆ ಒಂದು ಕಪ್ ನೀರು, ಎರಡು ಎಲೆ ಬೇ ಲೀಫ್. ಮೇಲೆ ಬೇಕಿಂಗ್ ಪೇಪರ್, ಅದರ ಮೇಲೆ ಫಾಯಿಲ್ ಬಿಗಿಯಾಗಿ. 150 ಡಿಗ್ರಿ ಸೆಲ್ಸಿಯಸ್, ನಿಮ್ಮ ಓವನ್‌ನಲ್ಲಿ 300, ಮೂರೂವರೆ ಗಂಟೆ. ಆಮೇಲೆ ಮುಚ್ಚಳ ತೆಗೆದು ಅದೇ ಉರಿಯಲ್ಲಿ ಇನ್ನೆರಡರಿಂದ ಎರಡೂವರೆ ಗಂಟೆ. ತಳದ ರಸ ಒಣಗುವಂತಿದ್ದರೆ ಸ್ವಲ್ಪ ನೀರು, ಚರ್ಮದ ಮೇಲೆ ಮಾತ್ರ ಏನೂ ಸುರಿಯಬೇಡಿ. ಥರ್ಮಾಮೀಟರ್ ಮೂಳೆಗೆ ತಾಗದಂತೆ ಚುಚ್ಚಿ, 195 ಫ್ಯಾರನ್‌ಹೀಟ್ ದಾಟಿದ ಮೇಲೆ ಉರಿ 450 ಫ್ಯಾರನ್‌ಹೀಟ್‌ಗೆ ಏರಿಸಿ. ಈ 15-25 ನಿಮಿಷ ಫೋನ್ ಕೆಳಗಿಟ್ಟು ಓವನ್ ಮುಂದೆಯೇ ಇರಿ. ಗುಳ್ಳೆ ಒಂದು ಮೂಲೆಯಲ್ಲಿ ಶುರುವಾಗಿ ಟಪಟಪ ಸದ್ದಿನೊಡನೆ ಹರಡುತ್ತದೆ. ಮೊದಲು ಎದ್ದ ಜಾಗ ಕಪ್ಪಾಗುವಂತಿದ್ದರೆ ಅಷ್ಟಕ್ಕೆ ಫಾಯಿಲ್ ತುಂಡು ಹೊದಿಸಿ. ಹೊರತೆಗೆದು ಅರ್ಧ ಮುಕ್ಕಾಲು ಗಂಟೆ ಮುಚ್ಚದೆ ಬಿಡಿ, ಮುಚ್ಚಿದರೆ ಚರ್ಮ ಮತ್ತೆ ಮೆತ್ತಗಾಗುತ್ತದೆ. ಸಂಜೆ 7ಕ್ಕೆ ಊಟವಾದರೆ ಬೆಳಿಗ್ಗೆ 11ಕ್ಕೆ ಓವನ್‌ಗೆ ಹೋಗಲಿ. ಬೇಗ ಬೆಂದರೆ ತೊಂದರೆಯಿಲ್ಲ, ಈ ತುಂಡು ಕಾಯುತ್ತದೆ. ನೆಂಟರು ಕಾಯುವುದಿಲ್ಲ.

ಚರ್ಮದ ತಲೆನೋವೇ ಬೇಡ ಅನ್ನಿಸಿದರೆ ಮುಂದಿನ ಸಲ ಬಾಸ್ಟನ್ ಬಟ್ ತನ್ನಿ. ಭುಜದ ಮೇಲ್ಭಾಗ, ಸಾಮಾನ್ಯವಾಗಿ ಚರ್ಮ ಇರುವುದಿಲ್ಲ, ಒಳಗೆ ನೆಣ ಚೆನ್ನಾಗಿ ಹರಡಿರುತ್ತದೆ, ಕ್ಷಮಾಗುಣ ಹೆಚ್ಚು. ಆದರೆ ಕ್ಯೂಬನ್ನರ ಮನೆಯಲ್ಲಿ ಜಗಳ ನಡೆಯುವುದೇ ಗರಿಗರಿ ಚರ್ಮದ ಕೊನೆಯ ತುಂಡಿಗಾಗಿ, ಆದ್ದರಿಂದ ನನ್ನ ಮತ ಪಿಕ್ನಿಕ್‌ಗೇ.

ಈ ನಿಧಾನ ಎಲ್ಲಿಂದ ಬಂತು ಎಂದರೆ, ಮೂಲದಲ್ಲಿ ಇದು ಓವನ್ನಿನ ಅಡುಗೆಯೇ ಅಲ್ಲ. ಇಡೀ ಹಂದಿಯನ್ನು ಕೋಲಿಗೆ ಚುಚ್ಚಿ ತಿರುಗಿಸುತ್ತಲೋ, ಕೆಂಡದ ಗುಂಡಿಯ ಮೇಲೆ ಸೀಬೆ ಎಲೆ ಹೊದಿಸಿಯೋ ಹಗಲಿಡೀ ಬೇಯಿಸುವ ಲೆಚೋನ್ ಅಸಾಡೊ. ಡಿಸೆಂಬರ್ 24ರ ನೊಚೆಬುವೆನಾ ರಾತ್ರಿ ಅದಿಲ್ಲದೆ ನಡೆಯುವುದಿಲ್ಲ. ಇದರಲ್ಲಿ ಕ್ಯೂಬಾದ ಮಣ್ಣಿನದೇ ಆದ ಪದಾರ್ಥ ಹುಡುಕಿದರೆ ಸಿಗುವುದಿಲ್ಲ. ಹಂದಿಗಳು ಕೆರಿಬಿಯನ್‌ಗೆ ಬಂದದ್ದು ಕೊಲಂಬಸ್‌ನ 1493ರ ಎರಡನೇ ಯಾನದಲ್ಲಿ. ಹುಳಿ ಕಿತ್ತಳೆ ಏಷ್ಯಾದ ಹಣ್ಣು, ಅರಬರ ಕೈಯಿಂದ ಸ್ಪೇನ್‌ಗೆ, ಅಲ್ಲಿಂದ ಹಡಗು ಹತ್ತಿದ್ದು. ಮೋಹೊ ಎಂಬ ಬೆಳ್ಳುಳ್ಳಿ-ಎಣ್ಣೆಯ ಸಾಸ್‌ನ ನೆಂಟಸ್ತಿಕೆ ಕ್ಯಾನರಿ ದ್ವೀಪಗಳದ್ದು. ಅಲ್ಲಿಂದ ಬಂದು ನೆಲೆಸಿದವರು ಕ್ಯೂಬಾದಲ್ಲಿ ಬಹಳ. 1969ರಲ್ಲಿ ಸಕ್ಕರೆ ಕಟಾವಿಗೆ ಅಡ್ಡಿ ಎಂದು ಅಲ್ಲಿನ ಸರ್ಕಾರ ಕ್ರಿಸ್‌ಮಸ್ ರಜೆಯನ್ನೇ ತೆಗೆದುಹಾಕಿತು. ರಜೆ ಮರಳಿದ್ದು 1997ರಲ್ಲಿ, ಪೋಪ್ ಭೇಟಿಯ ಹೊಸ್ತಿಲಲ್ಲಿ. ಆ ನಡುವೆ ಮಯಾಮಿಯ ಹಿತ್ತಲುಗಳಲ್ಲಿ ಹಬ್ಬದ ಹಂದಿ ಬೇಯುತ್ತಲೇ ಇತ್ತು. 1980ರ ದಶಕದಿಂದೀಚೆಗೆ ಅಲ್ಲಿ 'ಕಾಹಾ ಚೀನಾ' ಎಂಬ ಪೆಟ್ಟಿಗೆ ಮನೆಮಾತಾಗಿದೆ: ಹಂದಿ ಒಳಗೆ, ಕೆಂಡ ಮುಚ್ಚಳದ ಮೇಲೆ. ಮೇಲಿನ ಶಾಖದಿಂದಲೇ ಬೇಯುತ್ತದೆ, ಕೊನೆಗೆ ಮಗುಚಿ ಚರ್ಮ ಗರಿ ಮಾಡುತ್ತಾರೆ. ನಮ್ಮಲ್ಲಿ ಹಿಂದೆ ಓವನ್ ಇಲ್ಲದ ಮನೆಗಳಲ್ಲಿ ಪಾತ್ರೆ ಮುಚ್ಚಳದ ಮೇಲೆ ಕೆಂಡ ಹಾಕಿ ಕೇಕ್ ಬೇಯಿಸುತ್ತಿದ್ದರಲ್ಲ, ಅದೇ ತತ್ವ.

ಪ್ರೆಶರ್ ಕುಕ್ಕರ್: ಮೆದುವಾಗುತ್ತದೆ, ರೋಸ್ಟ್ ಆಗುವುದಿಲ್ಲ. ಕಂದು ಬಣ್ಣವೂ ಇಲ್ಲ, ಚರ್ಮವೂ ಇಲ್ಲ. ತುರ್ತಿಗೆ ಮಾಡಲೇಬೇಕಾದರೆ ದೊಡ್ಡ ತುಂಡುಗಳಾಗಿ ಕತ್ತರಿಸಿ, ಬೇಯಿಸಿ, ರಸ ಬಸಿದು, ನೆಣದಲ್ಲಿ ಕೆಂಪಗೆ ಹುರಿದು ಮೋಹೊ ಸುರಿಯಿರಿ. ಚೆನ್ನಾಗಿಯೇ ಇರುತ್ತದೆ, ಆದರೆ ಅಜ್ಜಿಗೆ ಅದನ್ನೇ ಲೆಚೋನ್ ಅಂತ ಹೇಳಿ ಬಡಿಸಬೇಡಿ.

ಬೆಂಗಳೂರು, ಮೈಸೂರಿನಲ್ಲಿ ಮಾಡುವವರಿಗೆ ಎರಡು ಮಾತು. ಸಾಮಾನ್ಯ ಓಟಿಜಿಯಲ್ಲಿ ಎರಡು ಕಿಲೋಗಿಂತ ದೊಡ್ಡ ತುಂಡು ಇಡಬೇಡಿ. ಮೇಲಿನ ಕಾಯಿಲ್ ಚರ್ಮಕ್ಕೆ ತೀರ ಹತ್ತಿರವಾಗಿ, ಒಳಗೆ ಬೇಯುವ ಮುಂಚೆ ಮೇಲೆ ಕರಕಲು. ಕೊನೆಯ ಘಟ್ಟದವರೆಗೆ ಕೆಳಗಿನ ಕಾಯಿಲ್ ಮಾತ್ರ ಉರಿಸಿ. ಇನ್ನೊಂದು, ಗೊತ್ತಿರುವ, ಸಾಕಣೆ ನೆಚ್ಚಬಹುದಾದ ಅಂಗಡಿಯಿಂದಲೇ ತನ್ನಿ. ಹೊಲಸು ತಿಂದು ಬೆಳೆದ ಹಂದಿಯ ಮಾಂಸದಲ್ಲಿ ಲಾಡಿಹುಳುವಿನ ಮರಿಕೋಶ ಇರಬಹುದು. ಎಳೆಗಳ ನಡುವೆ ಅಕ್ಕಿಕಾಳಿನಂಥ ಬಿಳಿ ಗುಳ್ಳೆ ಕಂಡರೆ ತರಬೇಡಿ. 93 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮಾಂಸದಲ್ಲಿ ಅದು ಬದುಕುವುದಿಲ್ಲ ನಿಜ, ಆದರೆ ಹಾಗಂತ ಕೊಳ್ಳುವುದು ಯಾಕೆ.

ಜೊತೆಗೆ ಕಪ್ಪು ಬೀನ್ಸ್ ಅನ್ನ, ಬೇಯಿಸಿ ಮೋಹೊ ಸುರಿದ ಮರಗೆಣಸು, ಹುಳಿರಸದಲ್ಲಿ ಅದ್ದಿದ ಈರುಳ್ಳಿ ಬಿಲ್ಲೆ. ಕೊಡಗಿನ ಅಕ್ಕಿ ಉಂಡೆ ಕಡಂಬುಟ್ಟು ಜೊತೆಗೂ ಸೊಗಸು. ತಟ್ಟೆಯ ತಳದ ರಸವನ್ನು ಅದು ಅನ್ನಕ್ಕಿಂತ ಚೆನ್ನಾಗಿ ಹೀರುತ್ತದೆ.

ನೀವಿರುವ ಊರಿನಲ್ಲಿ ಉಳಿದ ಮಾಂಸಕ್ಕೆ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಉದ್ದನೆಯ ಕ್ಯೂಬನ್ ಬ್ರೆಡ್ಡಿಗೆ ಸಾಸಿವೆ ಸವರಿ, ಹ್ಯಾಮ್, ಈ ರೋಸ್ಟ್, ಸ್ವಿಸ್ ಚೀಸ್, ಸೌತೆ ಉಪ್ಪಿನಕಾಯಿ ಇಟ್ಟು ಒತ್ತಿ ಬಿಸಿಮಾಡಿದರೆ ಕ್ಯೂಬನ್ ಸ್ಯಾಂಡ್‌ವಿಚ್. ಟ್ಯಾಂಪಾದವರು ಅದಕ್ಕೆ ಸಲಾಮಿ ಸೇರಿಸುತ್ತಾರೆ, ಮಯಾಮಿಯವರು ಮೂಗು ಮುರಿಯುತ್ತಾರೆ. ಈ ಜಗಳದಲ್ಲಿ ನಾನು ಟ್ಯಾಂಪಾದ ಕಡೆ. ಸ್ಯಾಂಡ್‌ವಿಚ್‌ಗೆ ಹೋಳು ಮಾಡುವುದಿದ್ದರೆ ಮಾಂಸವನ್ನು ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು ತಣ್ಣಗಿರುವಾಗಲೇ ಕತ್ತರಿಸಿ. ಬಿಸಿಯಲ್ಲಿ ಚಾಕು ಇಟ್ಟರೆ ಎಳೆ ಎಳೆಯಾಗಿ ಬಿಡುತ್ತದೆ, ಜೆಲಟಿನ್ ಹೆಪ್ಪುಗಟ್ಟಿದ ಮೇಲೆ ತೆಳ್ಳಗೆ, ನೀಟಾಗಿ ಬರುತ್ತದೆ.